ನೀರಿನ ಗಾಡಿಯ ಚಿಕ್ಕಪ್ಪ

ನಮ್ಮ ಮುನಿರಾಜು ಚಿಕ್ಕಪ್ಪ ತೆಂಗಿನಕಾಯಿಯನ್ನೂ ಉಜ್ಜಿ ತೊಳೆದೇ ದೇವರಿಗೆ ಒಡೆಯುತ್ತಿದ್ದ. ಅಂಗಡಿಯಿಂದ ಆಗಷ್ಟೇ ತಂದ ಚಪ್ಪಲಿಯ ಅಡಿಯನ್ನು ತೊಳೆದು, ಗೋಡೆಗೆ ಒರಗಿಸಿ, ಒಣಗಿದ ಮೇಲೆ ಮೆಟ್ಟಿಕೊಳ್ಳುತ್ತಿದ್ದ. ಬಾಗಿಲಿನ ಚಿಲಕ, ಸೈಕಲ್ಲಿನ ಬೆಲ್ಲು, ಕರೆಂಟು ಹೋದಾಗ ಫ್ಯಾನಿನ ರೆಕ್ಕೆ, ಯಾವುದೂ ಅವನ ಕೈಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. "ಇವನ ಕೈಗೆ ಸಿಕ್ರೆ ಒಲೆ ಬೆಂಕಿನೂ ತೊಳ್ದು ಮಡಗ್ತಾನೆ" ಎಂದು ಅಜ್ಜಿ ಬೈಯುತ್ತಿದ್ದಳು. ಅವನು ನಕ್ಕು, ಅವಳ ಎಲೆಅಡಿಕೆ ಡಬ್ಬಿಯನ್ನು ತೊಳೆಯಲು ಎತ್ತಿಕೊಂಡು ಹೋಗುತ್ತಿದ್ದ.

ಅವನಿಗೆ ನೀರಿಗೆ ಬರವಿರಲಿಲ್ಲ. ಅವನು ಓಡಿಸುತ್ತಿದ್ದುದು ನೀರಿನ ಟ್ಯಾಂಕರ್. ಕಾಡುಗೋಡಿಯ ಆಚೆ ತೋಪಿನ ಪಕ್ಕದ ಬೋರ್‌ವೆಲ್ಲಿನಲ್ಲಿ ತುಂಬಿಸಿಕೊಂಡು, ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳಿಗೆ ಹೊತ್ತು ಹಾಕುತ್ತಿದ್ದ. ಆಗಿನ್ನೂ ಮೆಟ್ರೋ ಕಂಬಗಳು ಬಂದಿರಲಿಲ್ಲ. ಧೂಳು ಮಾತ್ರ ಬಂದಿತ್ತು. ಆ ಧೂಳಿನಲ್ಲಿ ಅವನ ನೀಲಿ ಟ್ಯಾಂಕರೊಂದೇ ಈಗಷ್ಟೇ ಬಣ್ಣ ಹೊಡೆದಂತೆ ಹೊಳೆಯುತ್ತಿತ್ತು. ಚಿಕ್ಕವಳಿದ್ದಾಗ ಒಂದೆರಡು ಬಾರಿ ಅವನೊಂದಿಗೆ ಲೋಡಿಗೆ ಹೋಗಿದ್ದೇನೆ. ಗಾಡಿಯನ್ನು ಹಿಮ್ಮುಖವಾಗಿ ನಿಲ್ಲಿಸಿ, ಹಿಂದಿನ ಏಣಿ ಹತ್ತಿ, ಮೇಲಿನ ಮುಚ್ಚಳ ತೆರೆದಿಟ್ಟು, ಆಮೇಲೆ ಕೆಳಗಿಳಿದು ಪೈಪು ಜೋಡಿಸುತ್ತಿದ್ದ. ಅಷ್ಟರಲ್ಲಿ ವಾಚ್‌ಮನ್ ಏನಾದರೂ ಗೊಣಗಿದರೆ, ಸಂಪಿನ ಸುತ್ತ ನೀರು ಚೆಲ್ಲಿತು ಎಂದು ಯಾರಾದರೂ ರೇಗಿದರೆ, ಅವನದು ಒಂದೇ ಮಾತು: "ಒಣಗ್ತದೆ ಬುಡಣ್ಣ." ಮನೆಯಲ್ಲಿಯೂ ಅಷ್ಟೇ. ನಾನು ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದು ಮುಖ ಊದಿಸಿಕೊಂಡು ಕೂತಾಗಲೂ ಅವನು ಹೇಳಿದ್ದು ಅದನ್ನೇ.

ಅವನ ಸಂಸಾರ ಒಡೆದಾಗ ಮಾತ್ರ ಆ ಮಾತನ್ನು ಅವನು ಹೇಳಲಿಲ್ಲ. ಯಾಕೆ ಒಡೆಯಿತು ಎಂಬುದು ಅವನ ಮತ್ತು ಸವಿತಾ ಚಿಕ್ಕಮ್ಮನ ವಿಷಯ, ಇಲ್ಲಿ ಬರೆಯುವುದಿಲ್ಲ. ಚಿಕ್ಕಮ್ಮ ಕೆಟ್ಟವಳಲ್ಲ. ಮಗಳು ಸಿರಿಯನ್ನು ಕರೆದುಕೊಂಡು ಲಗ್ಗೆರೆಯ ತನ್ನ ಅಣ್ಣನ ಮನೆಗೆ ಹೋದಳು, ಪೀಣ್ಯದ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು. ಕೋರ್ಟಿನಲ್ಲಿ, ಸಿರಿ ಒಂದು ವಾರ ಬಿಟ್ಟು ಒಂದು ಭಾನುವಾರ ಅಪ್ಪನ ಮನೆಗೆ ಬರುವುದೆಂದು, ಆಗ ಮನೆಯ ಹೆಂಗಸೊಬ್ಬರು ಜೊತೆಗಿರಬೇಕೆಂದು ತೀರ್ಮಾನವಾಯಿತು. ಎಂ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ನಾನೇ ಆ ಹೆಂಗಸು. ಕಾಡುಗೋಡಿ ಸರ್ಕಲ್ಲಿನ ಬೇಕರಿಯ ಮುಂದೆ ಚಿಕ್ಕಮ್ಮ ಮಗುವಿನ ಕೈಯನ್ನು ನನ್ನ ಕೈಯಲ್ಲಿಡುತ್ತಿದ್ದಳು. ಚಿಕ್ಕಪ್ಪ ರಸ್ತೆಯ ಆಚೆ ನಿಂತಿರುತ್ತಿದ್ದ.

ಮೊದಲ ಕೆಲವು ಭಾನುವಾರಗಳು ಯಾರಿಗೂ ಬೇಡವಾಗಿದ್ದವು. ಏಳು ವರ್ಷದ ಮಗು ನಮ್ಮ ಜಗಲಿಯಲ್ಲಿ ಚಪ್ಪಲಿ ಬಿಚ್ಚದೆ ಕೂತು, ಬೇಕರಿಗೆ ಯಾವಾಗ ಹೋಗೋದು ಎಂದು ಕೇಳುತ್ತಿತ್ತು. ಚಿಕ್ಕಪ್ಪ ಅವಳ ನೀರಿನ ಬಾಟಲಿಯನ್ನು ಮತ್ತೆ ಮತ್ತೆ ತೊಳೆದು ತುಂಬಿಸುತ್ತಿದ್ದ. ಬೇರೇನು ಮಾಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಆಗ ಬಂದದ್ದು ಆ ಗಾಡಿ. ಅವನು ನೀರು ಹಾಕುತ್ತಿದ್ದ ಒಂದು ಅಪಾರ್ಟ್‌ಮೆಂಟಿನಿಂದ ಒಂದು ಕುಟುಂಬ ಪರದೇಶಕ್ಕೆ ಹೋಗುವಾಗ ಮಕ್ಕಳು ಓಡಿಸುವ ಎ.ಟಿ.ವಿ.ಯೊಂದನ್ನು ಪಾರ್ಕಿಂಗ್‌ನಲ್ಲಿಯೇ ಬಿಟ್ಟುಹೋಗಿತ್ತು. ನಾಲ್ಕು ದಪ್ಪ ಚಕ್ರ, ಕೆಂಪು ಮೈ, ಪೆಟ್ರೋಲ್ ಎಂಜಿನ್ನು. ಬಲಗೈಯ ಹೆಬ್ಬೆರಳಿನಲ್ಲಿ ಒಂದು ಸಣ್ಣ ಹಿಡಿಯನ್ನು ಒತ್ತಿದರೆ ಓಡುವಂಥದ್ದು. ಅಲ್ಲಿಯವರು ಬೇಕಾದರೆ ತೆಗೆದುಕೊಂಡು ಹೋಗು ಎಂದರು. ಚಿಕ್ಕಪ್ಪ ಅದನ್ನು ಟ್ಯಾಂಕರಿನ ಹಿಂದೆ ಕಟ್ಟಿಕೊಂಡು ತಂದು, ಮೂರು ಸಲ ತೊಳೆದು, ಮರಿ ಎಂದು ಹೆಸರಿಟ್ಟ.

ಸಿರಿ ಅದರ ಮೇಲೆ ಕೂತ ಮೊದಲ ದಿನವೇ ಚಪ್ಪಲಿ ಬಿಚ್ಚಿದಳು. ಮನೆಯ ಹಿಂದಿನ ಬಯಲಿನಲ್ಲಿ ಹೊಂಗೆಮರವನ್ನು ಸುತ್ತಿ ಸುತ್ತಿ ಬರುತ್ತಿದ್ದಳು. ಚಿಕ್ಕಪ್ಪ, ಎಳೆದರೆ ಎಂಜಿನ್ನು ಆರುವ ಹಗ್ಗವನ್ನು ಕೈಯಲ್ಲಿ ಹಿಡಿದು ಹಿಂದೆಯೇ ನಡೆಯುತ್ತಿದ್ದ. ಮುಂದಿನ ಭಾನುವಾರಗಳಲ್ಲಿ ಬೇಕರಿಯ ಮುಂದೆ ಇಳಿದವಳೇ ಅವಳು ಕೇಳುತ್ತಿದ್ದ ಮೊದಲ ಮಾತು, "ಅಕ್ಕ, ಮರಿ ಇದ್ಯಾ?" ಎಂದು.

"ಅವಳು ನಿನ್ನನ್ನು ನೋಡಕ್ಕೆ ಬರ್ತಿಲ್ಲ ಚಿಕ್ಕಪ್ಪ, ಗಾಡಿ ನೋಡಕ್ಕೆ ಬರ್ತಾಳೆ" ಎಂದು ಒಮ್ಮೆ ನಾನು ತಮಾಷೆಗೆ ಅಂದೆ.

"ನಂಗೊತ್ತು ಕಣಮ್ಮ. ಬರ್ತಾಳಲ್ಲ" ಎಂದ.

ದಸರಾ ರಜೆ ಮುಗಿದ ಮೇಲೆ ಕೋರ್ಟಿನಲ್ಲಿ ಮುಂದಿನ ವಿಚಾರಣೆ ಇತ್ತು. ಈ ಬಾರಿ ನ್ಯಾಯಾಧೀಶರು ದೊಡ್ಡವರನ್ನು ಬಿಟ್ಟು ಮಗುವನ್ನೇ ಕರೆದು ಕೇಳುತ್ತಾರೆ ಎಂದು ವಕೀಲರು ಮೊದಲೇ ತಿಳಿಸಿದ್ದರು. ಅಪ್ಪನ ಮನೆಗೆ ಹೋಗಲು ನಿನಗೆ ಇಷ್ಟವಾ? ಅವಳು ಹೂಂ ಎಂದರೆ ಭಾನುವಾರಗಳು ಉಳಿಯುತ್ತವೆ. ಅದಕ್ಕೆ ಮುಂಚೆ ಅವಳು ಬರುವುದು ಇನ್ನೊಂದೇ ಭಾನುವಾರ.

ಆ ಭಾನುವಾರದ ಮುಂಚೆ ಆಯುಧಪೂಜೆ ಬಂತು.

ಎಲ್ಲರೂ ಅಂದು ಗಾಡಿ ತೊಳೆಯುತ್ತಾರೆ. ಚಿಕ್ಕಪ್ಪ ದಿನಾ ತೊಳೆಯುವವನಾದ್ದರಿಂದ ಅಂದು ಇನ್ನೂ ಹೆಚ್ಚಿಗೆ ಏನಾದರೂ ಮಾಡಲೇಬೇಕಿತ್ತು. ಟ್ಯಾಂಕರಿನ ಪಂಪು ಹಾಕಿ, ದಪ್ಪ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಮರಿಯ ಮೇಲೆ ಕೆಳಗೆ ಸಂದು ಗೊಂದು ಬಿಡದೆ ನೀರು ಹೊಡೆದ. ಆಮೇಲೆ ಪೂಜೆ. ಇದರಲ್ಲಿ ಅವನದೇ ಒಂದು ಪದ್ಧತಿ ಇತ್ತು. ನೀರಿನ ಗಾಡಿಗೆ ಇಟ್ಟ ಬೊಟ್ಟು ಮೊದಲ ಲೋಡಿಗೇ ಕರಗಿ ಹೋಗುತ್ತದೆಂದು ಅರಿಶಿನ ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸುತ್ತಿದ್ದ. ಅದು ಅರಗಿನಂತೆ ಕಚ್ಚಿಕೊಳ್ಳುತ್ತಿತ್ತು. ಎಲ್ಲರೂ ಗಾಡಿಯ ಮುಂದಕ್ಕೆ, ಸ್ಟೇರಿಂಗಿಗೆ ಬೊಟ್ಟಿಟ್ಟರೆ ಇವನು ಬಾಯಿಗಳಿಗೆ ಇಡುತ್ತಿದ್ದ: ಟ್ಯಾಂಕರಿನ ಮೇಲಿನ ಮುಚ್ಚಳ, ವಾಲ್ವು, ಡೀಸೆಲ್ ಮುಚ್ಚಳ, ರೇಡಿಯೇಟರ್. "ಉಣ್ಣೋದು ಬಾಯಲ್ಲಲ್ವಾ" ಎನ್ನುತ್ತಿದ್ದ. ಇಷ್ಟೆಲ್ಲ ತೊಳೆಯುವವನು ಆ ಬೊಟ್ಟನ್ನು ಮಾತ್ರ ತೊಳೆಯುತ್ತಿರಲಿಲ್ಲ, ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಅದು ತಾನಾಗಿ ಸವೆಯಬೇಕು. ಅಂದು ಮರಿಗೂ ಹಾಗೆಯೇ ಪೂಜೆಯಾಯಿತು. ನಾನು ಪಕ್ಕದಲ್ಲಿ ಕರ್ಪೂರದ ತಟ್ಟೆ ಹಿಡಿದು ನಿಂತಿದ್ದೆ.

ಮರುದಿನ ಮರಿ ಸ್ಟಾರ್ಟ್ ಆಗಲಿಲ್ಲ.

"ನೀರು ಕುಡ್ದದೆ. ಒಣಗ್ತದೆ ಬುಡು" ಎಂದ ಚಿಕ್ಕಪ್ಪ. ಬಿಸಿಲಿನಲ್ಲಿಟ್ಟ. ಪ್ಲಗ್ಗು ಬಿಚ್ಚಿ, ಅದು ಒದ್ದೆಯಾಗಿದ್ದುದನ್ನು ನನಗೆ ತೋರಿಸಿ, ಗ್ಯಾಸ್ ಒಲೆಯ ಮೇಲೆ ಇಕ್ಕಳದಲ್ಲಿ ಹಿಡಿದು ಕಾಯಿಸಿದ. ಗಾಳಿ ಸೋಸುವ ಸ್ಪಂಜನ್ನು ಹಿಂಡಿದಾಗ ಅರ್ಧ ಲೋಟ ನೀರು ಸುರಿಯಿತು. ಸಂಜೆಗೆ ಎಂಜಿನ್ನು ಸ್ಟಾರ್ಟ್ ಆಯಿತು. ಅವನು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಆದರೆ ಬಯಲಿನಲ್ಲಿ ಒಂದು ಸುತ್ತು ಹೋಗಿ, ಎರಡನೆಯ ಸುತ್ತಿನಲ್ಲಿ ಅದು ಕೆಮ್ಮಿತು, ತೂರಾಡಿತು, ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟಿನ ಹಗ್ಗ ಎಳೆದರೆ ಮತ್ತೆ ಹತ್ತಿಕೊಂಡಿತು, ಮತ್ತೆ ನಿಂತಿತು.

ಅಲ್ಲಿಂದ ಆ ವಾರವಿಡೀ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ನಾನು ಇಂಟರ್‌ನೆಟ್‌ನಲ್ಲಿ ಹುಡುಕಿದೆ. ನೆನೆದ ಮೇಲೆ ಸರಿಯಾಗಿ ಓಡದ ಇಂಥ ಗಾಡಿಗಳ ಬಗ್ಗೆ ಲೋಕದ ಯಾವ್ಯಾವುದೋ ಮೂಲೆಯ ತಂದೆಯರು ಬರೆದುಕೊಂಡಿದ್ದರು. ಅವರು ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿದೆವು. ನನ್ನ ತಲೆಕೂದಲು ಒಣಗಿಸುವ ಯಂತ್ರದಿಂದ ವೈರುಗಳಿಗೆ, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲಿಗೆ ಬಿಸಿ ಗಾಳಿ ಹಿಡಿದೆವು. ಕಾರ್ಬುರೇಟರಿನ ಬಟ್ಟಲು ಬಿಚ್ಚಿ ಒಳಗಿದ್ದುದನ್ನು ಚೆಲ್ಲಿದೆವು. ಟ್ಯಾಂಕು ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿದೆವು. ಹಾಕಿದ ಕೂಡಲೇ ಅದು ಚೆನ್ನಾಗಿ ಓಡಿತು. ಪೆಟ್ರೋಲಿನಲ್ಲಿ ನೀರು ಸೇರಿತ್ತು ಎಂದು ಇಬ್ಬರೂ ನಿರಾಳವಾದೆವು. ಬಯಲು ಸುತ್ತುವಷ್ಟರಲ್ಲಿ ಮತ್ತೆ ಕೆಮ್ಮು. ಹಾಗಾದರೆ ಇನ್ನೂ ನೀರು ಉಳಿದಿದೆ ಎಂದು ಮತ್ತೆ ಚೆಲ್ಲಿ ಮತ್ತೆ ತುಂಬಿದೆವು. ಮತ್ತೆ ಓಡಿತು, ಮತ್ತೆ ನಿಂತಿತು. ನೆನೆದದ್ದು ಕಣ್ಣೆದುರೇ ಆಗಿದ್ದರಿಂದ ನೀರನ್ನು ಬಿಟ್ಟು ಬೇರೆ ದಿಕ್ಕಿಗೆ ನಮ್ಮ ತಲೆ ಹೊರಳಲೇ ಇಲ್ಲ.

ಚಿಕ್ಕಪ್ಪ ಲೋಡುಗಳನ್ನು ಬಿಟ್ಟ. ಅಪಾರ್ಟ್‌ಮೆಂಟಿನವರ ಫೋನುಗಳಿಗೆ ಉತ್ತರ ಕೊಡುವುದನ್ನು ಬಿಟ್ಟ. ಊಟಕ್ಕೆ ಕೂತವನು ಅರ್ಧದಲ್ಲಿ ಎದ್ದು ಹೋಗಿ ಪ್ಲಗ್ಗಿನ ತಲೆ ಮುಟ್ಟಿ ನೋಡಿ ಬರುತ್ತಿದ್ದ. ಶನಿವಾರ ಲಗೇಜ್ ಆಟೋದಲ್ಲಿ ಹಾಕಿಕೊಂಡು ಪೇಟೆಯ ಗ್ಯಾರೇಜಿಗೆ ಒಯ್ದೆವು. ಅಲ್ಲಿನ ಮೆಕ್ಯಾನಿಕ್ ನಿಂತಲ್ಲಿಂದಲೇ ನೋಡಿದ.

"ಅಣ್ಣ, ಇದು ಆಟದ್ ಸಾಮಾನು. ಕಾಯಿಲ್ ಹೋಗಿರುತ್ತೆ, ಪಾರ್ಟ್ ಎಲ್ಲೂ ಸಿಗಲ್ಲ. ಪಾಪುಗೆ ಒಂದು ಸೈಕಲ್ ಕೊಡ್ಸಿ."

"ಸೈಕಲ್ಲು ಅವರಮ್ಮನ ಮನೇಲೂ ಐತಪ್ಪ" ಎಂದ ಚಿಕ್ಕಪ್ಪ.

ಮೆಕ್ಯಾನಿಕ್‌ಗೆ ಅರ್ಥವಾಗಲಿಲ್ಲ. ಚಿಕ್ಕಪ್ಪ ಅವನ ಮೊಣಕೈ ಹಿಡಿದುಕೊಂಡ. "ನಾಳೆ ಒಂದಿನ ಓಡಂಗೆ ಮಾಡ್ಕೊಡು ಸಾಕು. ನಾಳಿದ್ದು ಬೇಕಾದ್ರೆ ಸುಟ್ಟೋಗ್ಲಿ." ತನಗಿಂತ ಎಷ್ಟೋ ಚಿಕ್ಕವನ ಮೊಣಕೈಯನ್ನು ಅವನು ಹಾಗೆ ಹಿಡಿದದ್ದನ್ನು ನೋಡಲಾಗದೆ ನಾನು ಬೀದಿಯ ಕಡೆ ತಿರುಗಿ ನಿಂತೆ. ಮೆಕ್ಯಾನಿಕ್ ಇನ್ನೊಮ್ಮೆ ಪ್ಲಗ್ಗು ಒರೆಸಿಕೊಟ್ಟ. ಅದಕ್ಕಿಂತ ಹೆಚ್ಚು ಅವನಿಂದ ಆಗುವಂತಿರಲಿಲ್ಲ.

ಭಾನುವಾರ ಸಿರಿ ಬಂದಳು. ಹೊಸ ಫ್ರಾಕು ಹಾಕಿದ್ದಳು. ಮರಿಯ ಮೇಲೆ ಹತ್ತಿ ಹೆಬ್ಬೆರಳು ಒತ್ತಿದಳು. ಹೊಂಗೆಮರ ದಾಟುವ ಮೊದಲೇ ಅದು ನಿಂತಿತು.

"ಏನಾಯ್ತು ಅಪ್ಪ?"

"ಏನಿಲ್ಲ ಪುಟ್ಟಿ. ಕೂತ್ಕೋ, ಗಟ್ಟಿಯಾಗಿ ಇಡ್ಕೋ."

ಅವನು ಹಿಂದಿನಿಂದ ತಳ್ಳತೊಡಗಿದ. ಹಿಂದಿನ ಕಂಬಿಗೆ ಎರಡೂ ಕೈ ಕೊಟ್ಟು, ಬಗ್ಗಿ, ಓಡುತ್ತಾ ತಳ್ಳಿದ. ಎಂಜಿನ್ನಿನ ಸದ್ದನ್ನು ಬಾಯಲ್ಲಿ ಮಾಡಿದ. ಸಿರಿ ನಕ್ಕಳು. ಆ ನಗು ಅವನಿಗೆ ಸಾಕಾಯಿತು. ಅಲ್ಲಿಂದ ಮುಂದೆ ಅವನು ನಿಲ್ಲಲೇ ಇಲ್ಲ. ಬಿಸಿಲು ನೆತ್ತಿಗೆ ಬಂತು. ಅಂಗಿ ಬೆನ್ನಿಗೆ ಅಂಟಿತು. ಬಾಯಿಂದ ಬರುತ್ತಿದ್ದ ಎಂಜಿನ್ ಸದ್ದು ಕ್ರಮೇಣ ಬರೀ ಏದುಸಿರಾಯಿತು. "ಚಿಕ್ಕಪ್ಪ, ಕೂತ್ಕೋ" ಎಂದು ನಾನು ಹೋಗಿ ಕಂಬಿ ಹಿಡಿದೆ. ಅವನು ನನ್ನ ಕೈ ಸರಿಸಿದ. ಒಮ್ಮೆ ಮುಗ್ಗರಿಸಿ ಮಂಡಿ ಊರಿದ. ಎದ್ದು, ಮೊದಲು ಪ್ಯಾಂಟಿನ ಮಣ್ಣನ್ನು ಒರೆಸಿಕೊಂಡು, ಮತ್ತೆ ತಳ್ಳಿದ. ಸಿರಿ ಹಿಂತಿರುಗಿ ನೋಡುತ್ತಿದ್ದಳು. ಅವಳು ನಗುವುದನ್ನು ಯಾವಾಗ ನಿಲ್ಲಿಸಿದಳೋ ನಾನು ಗಮನಿಸಲಿಲ್ಲ.

"ಅಪ್ಪ, ಸಾಕು. ಇಳೀತೀನಿ."

"ಇನ್ನೊಂದು ಸುತ್ತು."

"ಬೇಡ ಅಪ್ಪ."

ಮಧ್ಯಾಹ್ನ ಊಟವಾದ ಮೇಲೆ ಅವಳು ತಾನೇ ಬಾಗಿಲ ಬಳಿ ಹೋಗಿ ಚಪ್ಪಲಿ ಹಾಕಿಕೊಂಡಳು. ಬೇಕರಿಯ ಹತ್ತಿರ ಚಿಕ್ಕಮ್ಮನನ್ನು ಕಂಡಾಗ ಓಡಿಹೋಗಲಿಲ್ಲ. ಒಮ್ಮೆ ತಿರುಗಿ ರಸ್ತೆಯಾಚೆ ನಿಂತ ಅಪ್ಪನನ್ನು ನೋಡಿ, ಆಮೇಲೆ ಹೋದಳು.

ಮನೆಗೆ ಬಂದವನೇ ಚಿಕ್ಕಪ್ಪ ಮರಿಯನ್ನು ಸೌದೆ ಕೊಟ್ಟಿಗೆಗೆ ತಳ್ಳಿ, ಒಳಗೆ ಪೆಟ್ರೋಲ್ ಇರಬಾರದೆಂದು ಮುಚ್ಚಳ ತಿರುಗಿಸಿದ. ಸುಯ್ ಎಂದು ಸದ್ದಾಯಿತು. ಒಳಕ್ಕೆ ಗಾಳಿ ಎಳೆದುಕೊಂಡ ಸದ್ದು. ಆ ವಾರದಲ್ಲಿ ಎಷ್ಟೋ ಸಲ ಮುಚ್ಚಳ ತೆಗೆದಿದ್ದೆವು, ಯಾವಾಗಲೂ ಆತುರದಲ್ಲಿ, ಮಾತಿನ ನಡುವೆ. ಅಂದು ಇಬ್ಬರೂ ಮಾತಿಲ್ಲದೆ ನಿಂತಿದ್ದರಿಂದ ಕೇಳಿಸಿತು.

ಅವನು ಮುಚ್ಚಳವನ್ನು ಬೆಳಕಿಗೆ ಹಿಡಿದ. ನಡುವೆ ದುಂಡಗೆ, ಒತ್ತಾಗಿ, ಅವನ ಬೊಟ್ಟು. ಉಗುರಿನಿಂದ ಅಂಚನ್ನು ಎಬ್ಬಿಸಿ ನೋಡಿದ. ಅದರ ಕೆಳಗೆ ಸೂಜಿಮೊನೆಯಷ್ಟು ಒಂದು ತೂತು. ಟ್ಯಾಂಕಿಗೆ ಗಾಳಿ ಹೋಗಬೇಕಾದ ತೂತು. ಗಾಳಿ ಹೋಗದೆ ಪೆಟ್ರೋಲ್ ಕೆಳಗಿಳಿದಿರಲಿಲ್ಲ. ಮುಚ್ಚಳ ತೆಗೆದಾಗಲೆಲ್ಲ ಒಳಗೆ ಸೇರಿದ ಗಾಳಿಯಲ್ಲಿ ಒಂದು ಸುತ್ತು ಓಡುತ್ತಿತ್ತು, ಅಷ್ಟೇ. ನೀರು ಎಂದೋ ಒಣಗಿತ್ತು.

"ಮೇಲೆ ಮುಚ್ಚಳ ತೆಗೀದೆ ಕೆಳಗೆ ನೀರು ಬರಾಕಿಲ್ಲ" ಎಂದ. ನನಗೆ ಹೇಳಿದಂತಿರಲಿಲ್ಲ. "ದಿನಾ ಏಣಿ ಅತ್ತಿ ನಾನ್ ಮಾಡೋ ಕೆಲ್ಸ ಕಣಮ್ಮ ಇದು. ದಿನಾ."

ನಾನು ದುಪಟ್ಟಾದ ಪಿನ್ನು ತೆಗೆದುಕೊಟ್ಟೆ. ಅವನು ತೂತನ್ನು ಕೆದಕಿ, ಊದಿ, ಮುಚ್ಚಳ ಹಾಕಿ ಎಂಜಿನ್ನು ಎಳೆದ. ಅದು ಹತ್ತಿಕೊಂಡಿತು. ಕೆಮ್ಮಲಿಲ್ಲ, ತೂರಾಡಲಿಲ್ಲ. ಅವನು ಅದನ್ನು ಆರಿಸಲಿಲ್ಲ. ಅದರ ಪಕ್ಕದಲ್ಲಿ ನೆಲದ ಮೇಲೆ ಕೂತು, ಪೆಟ್ರೋಲ್ ಮುಗಿದು ಅದು ತಾನಾಗಿ ನಿಲ್ಲುವವರೆಗೆ ಕೇಳುತ್ತಾ ಇದ್ದ.

ಆಮೇಲೆ ಅವನಿಗೆ ಒಂದೇ ಹಟ: ಮರಿ ಸರಿಹೋಗಿದೆ ಎಂದು ವಿಚಾರಣೆಗೆ ಮೊದಲು ಸಿರಿಗೆ ತಿಳಿಯಬೇಕು. ನಾನು ಚಿಕ್ಕಮ್ಮನಿಗೆ ಫೋನ್ ಮಾಡಿದೆ. "ಕೋರ್ಟ್ ಮುಗೀಲಿ ಕಣೇ, ಮಗು ತಲೇಲಿ ಈಗ ಏನೂ ತುಂಬೋದು ಬೇಡ" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ವಿಚಾರಣೆಯ ದಿನ ಕೋರ್ಟಿನ ಉದ್ದನೆಯ ಓಣಿಯಲ್ಲಿ ಆ ಕೊನೆಗೆ ಅವರು, ಈ ಕೊನೆಗೆ ನಾವು. ಚಿಕ್ಕಪ್ಪ ಗೋಡೆಗೆ ಒರಗಿ ನಿಂತು, ಬಲಗೈ ಮುಷ್ಟಿ ಮಾಡಿ, ಹೆಬ್ಬೆರಳನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ತೋರಿಸುತ್ತಲೇ ಇದ್ದ. ಸಿರಿ ನೋಡಿದಳು. ಅವಳಿಗೆ ಅರ್ಥವಾಯಿತೋ ಇಲ್ಲವೋ. ಅಷ್ಟರಲ್ಲಿ ಹೆಸರು ಕೂಗಿದರು.

ನಮ್ಮ ವಕೀಲರು ಕಾಗದಗಳನ್ನು ಜೋಡಿಸಿಕೊಳ್ಳುತ್ತಾ ಒಳಗಿನಿಂದ ಬಂದರು. ಮಗು ಬರಲು ಒಲ್ಲೆ ಎಂದಿದೆ ಎಂದರು.

"ಏನಂದ್ಲು ಸಾರ್? ಅವಳ್ ಬಾಯಲ್ಲಿ ಏನ್ ಬಂತೋ ಅದ್ನೇ ಯೇಳಿ."

ವಕೀಲರು ನನ್ನ ಮುಖ ನೋಡಿದರು. "ಅಪ್ಪ ಇಷ್ಟ ಅಂತು. ಆದ್ರೆ ನಾನು ಹೋದ್ರೆ ಅಪ್ಪ ಓಡ್ತಾನೇ ಇರ್ತಾರೆ, ಬಿದ್ದೂ ಬಿಟ್ರು, ಅವರಿಗೆ ತುಂಬಾ ಸುಸ್ತಾಗುತ್ತೆ, ಅದಕ್ಕೆ ಹೋಗಲ್ಲ ಅಂತು."

ಚಿಕ್ಕಪ್ಪ ತನ್ನ ಹೆಬ್ಬೆರಳನ್ನು ನೋಡಿಕೊಂಡ.

"ನೋಡ್ದೇನಮ್ಮ," ಎಂದ ನನಗೆ, "ನನ್ ಸುಸ್ತು ನೋಡವ್ಳೆ." ಅವನ ಮುಖದಲ್ಲಿ ಆಗ ಇದ್ದುದು ಹೆಮ್ಮೆಯೇ. ಆಮೇಲೆ ಅವನು ಮೆಟ್ಟಿಲ ಬಳಿಯ ನಲ್ಲಿಗೆ ಹೋಗಿ ಮುಖ ತೊಳೆಯತೊಡಗಿದ. ಬಹಳ ಹೊತ್ತು ತೊಳೆದ. ಹಿಂದೆ ನಿಂತವರು ಗೊಣಗಿದರೂ ಬಿಡಲಿಲ್ಲ.

ಭಾನುವಾರಗಳು ಹೋದವು. ತಿಂಗಳಿಗೊಮ್ಮೆ ಒಂದು ಗಂಟೆ, ಕೋರ್ಟಿನ ಮಹಡಿಯಲ್ಲಿದ್ದ ಮಕ್ಕಳ ಕೋಣೆಯಲ್ಲಿ ಭೇಟಿ ಎಂದಾಯಿತು. ಎದೆ ಹಿಡಿದುಕೊಳ್ಳುತ್ತದೆ ಎಂದು ಅವನು ಅಷ್ಟರಲ್ಲಿ ಒಂದೆರಡು ಬಾರಿ ಹೇಳಿದ್ದ; ಆಸ್ಪತ್ರೆಗೆ ಹೋಗೋಣವೆಂದರೆ ಲೋಡಿದೆ ಎನ್ನುತ್ತಿದ್ದ. ಮುಂದಿನ ಬೇಸಿಗೆಯಲ್ಲಿ, ಬೋರ್‌ವೆಲ್ಲಿನ ಬಳಿ ಸರದಿಗೆ ಕಾಯುತ್ತಾ, ಟ್ಯಾಂಕರಿನ ಸೀಟಿನಲ್ಲಿ ಕೂತಲ್ಲೇ ಹೋದ.

ನಾನು ಅವನೊಂದಿಗೆ ಆ ಕೋಣೆಗೆ ಕೊನೆಯ ಸಲ ಹೋದದ್ದು ಅದಕ್ಕೆ ಸ್ವಲ್ಪ ಮುಂಚೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಮೆಟ್ಟಿಲು ಹತ್ತುವಷ್ಟರಲ್ಲಿ ಉಸಿರು ಮೇಲೆ ಬಂದಿತ್ತು. ಬಾಗಿಲಿನ ಗಾಜಿನಲ್ಲಿ ಸಿರಿ ಕಾಣುತ್ತಿದ್ದಳು. ಬಣ್ಣದ ಪುಟ್ಟ ಕುರ್ಚಿಯಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದಳು. ಭೇಟಿಯ ಒಂದು ಗಂಟೆ ಆಗಲೇ ಶುರುವಾಗಿತ್ತು. ಚಿಕ್ಕಪ್ಪ ಒಳಗೆ ಹೋಗಲಿಲ್ಲ. ಗಾಜಿಗೆ ಕಾಣದಂತೆ ಗೋಡೆಯ ಮರೆಗೆ ಸರಿದು, ಮೆಟ್ಟಿಲ ಕಂಬಿ ಹಿಡಿದು ನಿಂತ.

"ನನ್ ಮುಖ ನೋಡಮ್ಮ. ಉಸ್ರು ಗೊತ್ತಾಯ್ತದಾ?"

"ಆಗುತ್ತೆ ಚಿಕ್ಕಪ್ಪ. ಇನ್ನೂ ಸ್ವಲ್ಪ ನಿಲ್ಲು."

ನಿಂತ. ಕಣ್ಣು ಮುಚ್ಚಿ, ಬಾಯಿ ಬಿಗಿದು, ಮೂಗಿನಲ್ಲೇ ಮೆಲ್ಲಗೆ ಎಳೆದು ಮೆಲ್ಲಗೆ ಬಿಟ್ಟ. ಒಳಗೆ ಸಿರಿ ಯಾರನ್ನೋ ಏನೋ ಕೇಳಿದಳು.

"ಇವಾಗ?"

"ಇವಾಗ ಇಲ್ಲ" ಎಂದೆ.

ಅವನು ಬಾಗಿಲು ತಳ್ಳಿ, ಪಕ್ಕದ ಕೋಣೆಯಿಂದ ಎದ್ದು ಬಂದವನಂತೆ, ನಿಧಾನವಾಗಿ ಒಳಗೆ ಹೋದ.